ಕಾರ್ಬನ್ ಸೈಕಲ್: ಕೊನೆಯ ಪ್ರಶ್ನೆಯನ್ನು ಮೊದಲು ಕೇಳಬಾರದು

ಕೆಲವು ವಾರಗಳ ಹಿಂದೆ ಒಂದು ಭಾನುವಾರ ಸಂಜೆ ಹಲಸೂರಿನ ನಮ್ಮ ಮನೆಯಲ್ಲಿ ಸಣ್ಣದೊಂದು ಪಂಚಾಯಿತಿ ನಡೆಯಿತು. ವಾದಿ ನನ್ನ ತಂಗಿಯ ಮೊಮ್ಮಗಳು. ಪ್ರತಿವಾದಿ ಅವಳ ತಂದೆ, ಎಂದರೆ ನನ್ನ ಸೋದರಳಿಯ. ವ್ಯಾಜ್ಯದ ವಸ್ತು ಒಂದು ಸೈಕಲ್ಲು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿರುವ ಆ ಹುಡುಗಿ ತನ್ನ ಸಂಬಳದಲ್ಲಿ ಉಳಿಸಿ ಒಂದೂವರೆ ಲಕ್ಷ ರೂಪಾಯಿ ಕೂಡಿಟ್ಟಿದ್ದಾಳೆ. ಆ ಹಣದಲ್ಲಿ ಕಾರ್ಬನ್ ಚೌಕಟ್ಟಿನ ರೋಡ್ ಬೈಕ್ ಕೊಳ್ಳಬೇಕೆಂಬುದು ಅವಳ ಆಸೆ. "ಒಂದೂವರೆ ಲಕ್ಷಕ್ಕೆ ತುಳಿಯುವ ಸೈಕಲ್ಲೇ ಮಾವ? ಆ ದುಡ್ಡಿಗೆ ಒಳ್ಳೆಯ ಸ್ಕೂಟರೇ ಬರುತ್ತದೆ. ನೀವಾದರೂ ಅವಳಿಗೆ ಬುದ್ಧಿ ಹೇಳಿ" ಎಂಬುದು ತಂದೆಯ ಅಹವಾಲು. "ತಾತ, ನೀವು ಲೆಕ್ಕದ ಮೇಷ್ಟ್ರು. ಲೆಕ್ಕ ಹಾಕಿ ಹೇಳಿ, ಒಪ್ಪುತ್ತೇನೆ. ಸುಮ್ಮನೆ ಬೇಡ ಅನ್ನಬೇಡಿ" ಎಂಬುದು ಮಗಳ ಷರತ್ತು.

ತೀರ್ಪು ಕೊಡಲು ನನಗೆ ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಅವಳ ಜೊತೆ ಇಂದಿರಾನಗರದ ಅಂಗಡಿಗಳಿಗೆ ಹೋದೆ, ಶಿವಾಜಿನಗರದ ಹಳೆಯ ರಿಪೇರಿಗಾರರೊಬ್ಬರನ್ನು ಕಂಡೆ, ಕೆ.ಆರ್. ಪುರಂನಲ್ಲಿ ಮಾರಾಟಕ್ಕಿದ್ದ ಹಳೆಯ ಸೈಕಲ್ಲೊಂದನ್ನು ನೋಡಿಬಂದೆ. ನನ್ನ ಹಳೆಯ ವಿದ್ಯಾರ್ಥಿಗಳಾದ ನಿಮ್ಮಲ್ಲಿ ಅನೇಕರ ಮಕ್ಕಳು ಈಗ ಇದೇ ವಯಸ್ಸಿನವರು, ಇದೇ ಹುಚ್ಚಿನವರು. ಆದ್ದರಿಂದ ನನಗೆ ತೋಚಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲಿಗೆ ಹಿರಿಯರ ಮಾತನ್ನು ಎತ್ತಿಕೊಳ್ಳೋಣ. ಸೈಕಲ್ಲಿಗೆ ಅಷ್ಟು ಹಣ ಸುರಿಯುವುದು ಅವಿವೇಕ ಎನ್ನುವವರು ತಮ್ಮ ಕಾಲವನ್ನು ಮರೆತಿದ್ದಾರೆ. ನಾನು 1972ರಲ್ಲಿ ಮೇಷ್ಟ್ರಾಗಿ ಸೇರಿ ಮೊದಲ ಸೈಕಲ್ ಕೊಂಡಾಗ ಅದಕ್ಕೆ ಒಂದು ತಿಂಗಳ ಸಂಬಳ ಸಾಲದೆ ಕಂತಿನಲ್ಲಿ ತೀರಿಸಿದೆ. ಆಗ ಹಳೇ ಮದರಾಸು ರಸ್ತೆಯಲ್ಲಿ ಪಾಳಿ ಬಿಡುವ ಹೊತ್ತಿಗೆ ನಿಂತು ನೋಡಿದವರಿಗೆ ಗೊತ್ತು: ದೂರವಾಣಿನಗರದ ಐಟಿಐನಿಂದ, ಬೈಯಪ್ಪನಹಳ್ಳಿಯ ಎನ್‌ಜಿಇಎಫ್‌ನಿಂದ ಹೊರಟ ಸೈಕಲ್ಲುಗಳು ರಸ್ತೆ ತುಂಬ ಹರಿಯುತ್ತಿದ್ದವು. ಎಚ್‌ಎಎಲ್ ಕಡೆಯ ರಸ್ತೆಯಲ್ಲೂ ಅದೇ ನೋಟ. ಆ ಸೈಕಲ್ಲುಗಳ ಮೇಲೆ ಎಷ್ಟೋ ಸಂಸಾರಗಳು ನಡೆದವು. ಸೈಕಲ್ಲಿಗೆ ಎರಡು ಮೂರು ತಿಂಗಳ ಸಂಬಳ ಕೊಡುವುದು ಹೊಸ ಪಾಪವೇನಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಹೊಸಕೋಟೆಯವರೆಗೆ ಹೋಗಿ ಬಂದು, ಸ್ನಾನ ಮಾಡಿ, ಕೆಲಸಕ್ಕೆ ಹೋಗುವ ಹುಡುಗಿ ತನ್ನ ದುಡಿಮೆಯ ಹಣವನ್ನು ಸೈಕಲ್ಲಿಗೆ ಹಾಕಿದರೆ ನಾನೇಕೆ ಬೇಡ ಅನ್ನಲಿ? ಇದನ್ನು ನನ್ನ ಸೋದರಳಿಯನಿಗೆ ಹೇಳಿದೆ. ಅವನು ಒಪ್ಪಲಿಲ್ಲ, ಆದರೆ ಸುಮ್ಮನಾದ.

ಇನ್ನು ಕಿರಿಯರ ಮಾತು. ಅಲ್ಲಿ ನನ್ನ ತಕರಾರು ಬೇರೆ. ಅವಳು ಅಂಗಡಿಯೊಳಗೆ ಕಾಲಿಟ್ಟೊಡನೆ ಕೇಳಿದ ಮೊದಲ ಪ್ರಶ್ನೆ, "ಈ ಬಜೆಟ್ಟಿಗೆ ಕಾರ್ಬನ್ ಯಾವುದಿದೆ?" ಎಂದು. ಕೇಳಬೇಕಾದ ಐದು ಪ್ರಶ್ನೆಗಳಲ್ಲಿ ಅದು ಐದನೆಯದು ಎಂಬುದೇ ಈ ಬರಹದ ಸಾರ. ಕೊನೆಯ ಪ್ರಶ್ನೆಯನ್ನು ಮೊದಲು ಕೇಳಿದರೆ ಉಳಿದ ನಾಲ್ಕಕ್ಕೂ ತಪ್ಪು ಉತ್ತರ ಬರುತ್ತದೆ.

ಕಾರ್ಬನ್ ಎಂದರೇನೆಂದು ಮೊದಲು ನೋಡೋಣ. ಕೂದಲಿಗಿಂತ ಎಷ್ಟೋ ತೆಳುವಾದ ಇಂಗಾಲದ ಎಳೆಗಳನ್ನು ಹಾಳೆಯಂತೆ ಜೋಡಿಸಿ, ಎಪಾಕ್ಸಿ ಎಂಬ ರಾಳದಲ್ಲಿ ಅದ್ದಿ, ಪದರದ ಮೇಲೆ ಪದರವಾಗಿ ಅಚ್ಚಿನಲ್ಲಿಟ್ಟು, ಶಾಖ ಮತ್ತು ಒತ್ತಡ ಕೊಟ್ಟು ಗಟ್ಟಿಗೊಳಿಸಿದ ವಸ್ತು ಅದು. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.8 ಗ್ರಾಂ, ಅಲ್ಯೂಮಿನಿಯಂನದು 2.7, ಈ ಕಾರ್ಬನ್ನಿನದು ಸುಮಾರು 1.6. ಎಳೆ ಯಾವ ದಿಕ್ಕಿಗೆ ಮಲಗಿದೆಯೋ ಆ ದಿಕ್ಕಿನಲ್ಲಿ ಅದರ ಬಲ ಅಪಾರ. ಅಡ್ಡ ದಿಕ್ಕಿನಲ್ಲಿ ಬಹಳ ಕಡಿಮೆ. ಹೊರಗಿನಿಂದ ಎರಡು ಚೌಕಟ್ಟುಗಳು ಒಂದೇ ರೀತಿ ಕಂಡರೂ ಒಳಗೆ ಪದರಗಳನ್ನು ಹೇಗೆ ಹಾಸಿದ್ದಾರೆ ಎಂಬುದರ ಮೇಲೆ ಒಂದು ಉತ್ತಮ, ಇನ್ನೊಂದು ಕಳಪೆ ಆಗಬಹುದು. 1986ರಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್ ಟೂರ್ ದ ಫ್ರಾನ್ಸ್ ಗೆದ್ದದ್ದು ಕಾರ್ಬನ್ ಕೊಳವೆಗಳ ಸೈಕಲ್ಲಿನ ಮೇಲೆ. ಆ ಮೇಲೆ ಪಂದ್ಯದ ಸೈಕಲ್ಲುಗಳ ಲೋಕವೇ ಕ್ರಮೇಣ ಕಾರ್ಬನ್ನಿಗೆ ತಿರುಗಿತು.

ನಮ್ಮ ಬಡಾವಣೆಗಳಿಗೂ ಈ ವಸ್ತು ಅಪರಿಚಿತವಲ್ಲ. 2001ರ ಜನವರಿ 4ರಂದು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೊದಲ ಬಾರಿಗೆ ಹಾರಿದ ಹಗುರ ಯುದ್ಧವಿಮಾನದ, ಈಗಿನ ತೇಜಸ್‌ನ, ರೆಕ್ಕೆ ಕಾರ್ಬನ್ನಿನದೇ. ಇಂದಿರಾನಗರದ ತಾರಸಿಗಳ ಮೇಲೆ ನಿಂತು ಅದರ ಸದ್ದಿಗೆ ಕಿವಿ ಮುಚ್ಚಿಕೊಂಡವರು ನಾವು. ಅಂಥ ಭಾಗಗಳ ತಯಾರಿಕೆಯಲ್ಲಿ ಕೆಲಸ ಮಾಡಿ ನಿವೃತ್ತನಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ದೂರವಾಣಿ ಮಾಡಿ ಈ ಸೈಕಲ್ ಪುರಾಣ ಹೇಳಿದೆ. ಅವನು ನಕ್ಕು ಹೇಳಿದ್ದು ಇಷ್ಟು: "ಸಾರ್, ವಸ್ತು ಒಳ್ಳೆಯದೇ. ಸರಿಯಾಗಿ ಮಾಡಿದರೆ ದಶಕಗಳ ಕಾಲ ಬಾಳುತ್ತದೆ. ಆದರೆ ವಿಮಾನದ ಒಂದೊಂದು ಭಾಗವನ್ನೂ ನಾವು ಅಲ್ಟ್ರಾಸೌಂಡ್ ಹಾಯಿಸಿ ಒಳಗೆ ಪದರ ಬಿಟ್ಟಿದೆಯೇ ಎಂದು ನೋಡುತ್ತಿದ್ದೆವು. ಆ ಹುಡುಗಿಯ ಸೈಕಲ್ಲನ್ನು ನೋಡುವವರು ಯಾರು?"

ಆ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿಯಿತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಅವಳು ಕೇಳಿದ ಲೆಕ್ಕ.

ಕಾರ್ಬನ್ ಕೊಂಡರೆ ಹಗುರವಾಗುತ್ತದೆ ಎನ್ನುತ್ತಾರೆ. ಎಷ್ಟು ಹಗುರ? ಒಳ್ಳೆಯ ಅಲ್ಯೂಮಿನಿಯಂ ಚೌಕಟ್ಟಿಗೂ ಆರಂಭದ ದರ್ಜೆಯ ಕಾರ್ಬನ್ ಚೌಕಟ್ಟಿಗೂ ಇರುವ ಅಂತರ ಸಾಮಾನ್ಯವಾಗಿ ಮುನ್ನೂರರಿಂದ ಐನೂರು ಗ್ರಾಂ. ಮುಂದಿನ ಫೋರ್ಕು ಹೇಗೂ ಈಗಿನ ಅನೇಕ ಅಲ್ಯೂಮಿನಿಯಂ ಸೈಕಲ್ಲುಗಳಲ್ಲಿ ಕಾರ್ಬನ್ನಿನದೇ ಇರುತ್ತದೆ. ಇನ್ನೊಂದು ಸಂಗತಿ: ಒಂದೇ ಬೆಲೆಯ ಎರಡು ಸೈಕಲ್ಲುಗಳಲ್ಲಿ ಚೌಕಟ್ಟಿಗೆ ಹೆಚ್ಚು ಖರ್ಚು ಮಾಡಿದ ಕಂಪನಿ ಬೇರೆಲ್ಲೋ ಉಳಿಸಲೇಬೇಕು. ಚಕ್ರಗಳಲ್ಲಿ, ಗೇರಿನಲ್ಲಿ, ಬ್ರೇಕಿನಲ್ಲಿ ಕೈ ಬಿಗಿ ಹಿಡಿಯುತ್ತದೆ. ಆದ್ದರಿಂದ ತಕ್ಕಡಿಗೆ ಹಾಕಿದರೆ ಎರಡರ ತೂಕವೂ ಹೆಚ್ಚುಕಡಿಮೆ ಒಂದೇ ಆಗುವುದುಂಟು.

ಆದರೂ ಅವಳ ಪರವಾಗಿ ಧಾರಾಳವಾಗಿ ಲೆಕ್ಕ ಹಾಕೋಣವೆಂದು ಪೂರ್ತಿ ಒಂದು ಕಿಲೋ ಉಳಿಯಿತೆಂದೇ ಹಿಡಿದೆ. ಅವಳ ತೂಕ 54 ಕಿಲೋ, ಸೈಕಲ್ಲಿನದು ಒಂಬತ್ತೂವರೆ, ಬಟ್ಟೆ, ಹೆಲ್ಮೆಟ್, ನೀರು ಎಲ್ಲ ಸೇರಿ ಎರಡೂವರೆ. ಒಟ್ಟು 66 ಕಿಲೋ. ಇದರಲ್ಲಿ ಒಂದು ಕಿಲೋ ಎಂದರೆ ಶೇಕಡ ಒಂದೂವರೆ. ಏರು ಹತ್ತುವಾಗ ಕಾಲಿನ ಶಕ್ತಿಯ ಬಹುಪಾಲು ತೂಕವನ್ನು ಮೇಲಕ್ಕೆತ್ತಲು ಹೋಗುವುದರಿಂದ ಸಮಯವೂ ಹೆಚ್ಚೆಂದರೆ ಅದೇ ಪ್ರಮಾಣದಲ್ಲಿ ಉಳಿಯುತ್ತದೆ. ನಂದಿ ಬೆಟ್ಟವನ್ನು ಬುಡದಿಂದ ತುದಿಗೆ ಹತ್ತಲು ಅವಳಿಗೆ 45 ನಿಮಿಷ ಬೇಕು, ಎಂದರೆ 2700 ಸೆಕೆಂಡು. ಅದರ ಶೇಕಡ ಒಂದೂವರೆ ನಲವತ್ತು ಸೆಕೆಂಡು! ಮೇಲೆ ಹೋಗಿ ಟೀ ಕೈಗೆ ಬರುವಷ್ಟರಲ್ಲಿ ಅದು ಕಳೆದಿರುತ್ತದೆ. ಹಳೇ ಮದರಾಸು ರಸ್ತೆಯಂಥ ಸಮತಟ್ಟಾದ ದಾರಿಯಲ್ಲಿ ಆ ಉಳಿತಾಯವೂ ಇಲ್ಲ. ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ವೇಗ ದಾಟಿದರೆ ಸವಾರನ ಶ್ರಮದ ಹೆಚ್ಚಿನ ಪಾಲು ಗಾಳಿಯನ್ನು ಸೀಳಲು ಹೋಗುತ್ತದೆ. ಸೈಕಲ್ಲು ಯಾವುದರಿಂದ ಮಾಡಿದ್ದು ಎಂದು ಗಾಳಿ ಕೇಳುವುದಿಲ್ಲ. ಸವಾರ ಎಷ್ಟು ಬಾಗಿ ಕುಳಿತಿದ್ದಾನೆ ಎಂದು ಮಾತ್ರ ನೋಡುತ್ತದೆ.

ಪಂದ್ಯಗಳಲ್ಲಿ ಸ್ಪರ್ಧಿಸುವವರ ವಿಷಯ ಬೇರೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಂದ ಬಂದು ರಾಷ್ಟ್ರಮಟ್ಟದಲ್ಲಿ ಪದಕ ತರುವ ಹುಡುಗ ಹುಡುಗಿಯರಿಗೆ ಸೆಕೆಂಡುಗಳೇ ಬದುಕು. ಅವರಿಗೆ ಒಳ್ಳೆಯ ಕಾರ್ಬನ್ ಸೈಕಲ್ ಸಿಗುವುದು ಷೋಕಿಯಲ್ಲ, ಅಗತ್ಯ. ಆದರೆ ನಮ್ಮ ಹುಡುಗಿಯ ಗುರಿ ಬೇರೆ. ನಿಗದಿತ ಅವಧಿಯಲ್ಲಿ ದೂರ ಕ್ರಮಿಸುವ ಬ್ರೆವೆ ಎಂಬ ಸವಾರಿಗಳಿವೆ. ಅವುಗಳಲ್ಲಿ 200 ಕಿಲೋಮೀಟರಿನದನ್ನು ಮುಗಿಸಬೇಕೆಂಬುದು ಅವಳ ಆಸೆ. ಅದಕ್ಕೆ ಕೊಡುವ ಸಮಯ ಹದಿಮೂರೂವರೆ ಗಂಟೆ. ಭಾಗಿಸಿ ನೋಡಿ: ಊಟ, ತಿಂಡಿ, ಪಂಕ್ಚರು ಎಲ್ಲ ಸೇರಿ ಗಂಟೆಗೆ 14.8 ಕಿಲೋಮೀಟರ್ ಸಾಕು. ಹದಿಮೂರು ಗಂಟೆ ಬೆನ್ನು, ಕತ್ತು, ಅಂಗೈ ನೋಯದೆ ಕೂರಬಲ್ಲ ಸೈಕಲ್ ಅವಳಿಗೆ ಬೇಕು. ನಲವತ್ತು ಸೆಕೆಂಡು ಉಳಿಸುವ ಸೈಕಲ್ಲಲ್ಲ.

ಲೆಕ್ಕ ನೋಡಿ ಅವಳು ಒಪ್ಪಿದಳು ಎಂದುಕೊಂಡಿರಾ? ಇಲ್ಲ. ಮರುವಾರ ಒಂದು ಜಾಹೀರಾತು ಹಿಡಿದು ಬಂದಳು. ಕೆ.ಆರ್. ಪುರಂನಲ್ಲಿ ಯಾರೋ ತಮ್ಮ ಕಾರ್ಬನ್ ಸೈಕಲ್ಲನ್ನು 95,000 ರೂಪಾಯಿಗೆ ಮಾರುತ್ತಿದ್ದರು. ಹೊಸದಾಗಿದ್ದಾಗ ಅದರ ಬೆಲೆ ಎರಡೂವರೆ ಲಕ್ಷಕ್ಕೂ ಮೇಲಿತ್ತಂತೆ. "ತಾತ, ಇದಾದರೆ ಕಾರ್ಬನ್ನೂ ಆಯಿತು, ಐವತ್ತೈದು ಸಾವಿರ ಉಳಿತಾಯವೂ ಆಯಿತು" ಎಂದಳು. ಹೋದೆವು. ಟಿನ್ ಫ್ಯಾಕ್ಟರಿ ದಾಟಿ, ತೂಗುಸೇತುವೆಯ ಮೇಲಿನ ವಾಹನಗಳ ನಡುವೆ ತೆವಳಿ, ಒಂದು ಬಹುಮಹಡಿ ಕಟ್ಟಡದ ನೆಲಮಾಳಿಗೆ ತಲುಪಿದೆವು. ಮಾರುವವರು ಸಭ್ಯರು. ಸೈಕಲ್ಲು ಕಪ್ಪು ಬಣ್ಣದ್ದು, ನಿಜಕ್ಕೂ ಸುಂದರ. ಅವಳು ಒಂದು ಕೈಯಲ್ಲಿ ಎತ್ತಿ ನನ್ನ ಮುಖ ನೋಡಿ ನಕ್ಕಳು. ಆ ನಗು ನೋಡಿದಾಗ ನನಗೂ ಬೇಡ ಅನ್ನಲು ಮನಸ್ಸು ಬರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಆದರೆ ನನ್ನ ವಿದ್ಯಾರ್ಥಿ ಹೇಳಿಕೊಟ್ಟ ಪಾಠವಿತ್ತು. ಜೇಬಿನಿಂದ ಒಂದು ನಾಣ್ಯ ತೆಗೆದು ಚೌಕಟ್ಟಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋದೆ. ಗಟ್ಟಿಯಾದ ಕಾರ್ಬನ್ ಟಕ್ ಟಕ್ ಎಂದು ಚುರುಕಾಗಿ ನುಡಿಯುತ್ತದೆ. ಒಳಗೆ ಪದರ ಬಿಟ್ಟಿದ್ದರೆ ಸದ್ದು ಮಂಕಾಗುತ್ತದೆ. ಗೋಡೆಯ ದಪ್ಪ ಬದಲಾದರೂ ಸದ್ದು ಬದಲಾಗುವುದರಿಂದ ಎಡ ಬಲ ಎರಡೂ ಬದಿಯ ಒಂದೇ ಜಾಗವನ್ನು ಹೋಲಿಸಿ ಕೇಳಬೇಕು. ಪೆಡಲಿನ ಹಿಂದಿನಿಂದ ಹಿಂಬದಿ ಚಕ್ರಕ್ಕೆ ಹೋಗುವ ಎಡಗಡೆಯ ಕೊಳವೆಯಲ್ಲಿ ಒಂದು ಗೇಣು ಜಾಗ ಮಂಕಾಗಿ ನುಡಿಯಿತು. ಬಲಗಡೆ ಹಾಗಿರಲಿಲ್ಲ. ಬ್ಯಾಟರಿ ಬೆಳಕು ಹಿಡಿದು ನೋಡಿದರೆ ಅಲ್ಲೇ ಬಣ್ಣದಲ್ಲಿ ಕೂದಲೆಳೆಯಷ್ಟು ಗೆರೆ. "ಅದು ಬರೀ ಬಣ್ಣದ ಗೀರು" ಎಂದರು ಮಾರುವವರು. ಇರಬಹುದು. ಅವರು ಸುಳ್ಳು ಹೇಳುತ್ತಿದ್ದರೆಂದು ನಾನು ಹೇಳಲಾರೆ; ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕೊಂಡಾಗಿನ ರಸೀದಿ ಇರಲಿಲ್ಲ, ಅವರು ಎರಡನೆಯ ಮಾಲೀಕರು. ಇಂಥ ಚೌಕಟ್ಟುಗಳ ಖಾತರಿ ಸಾಮಾನ್ಯವಾಗಿ ಮೊದಲು ಕೊಂಡವರಿಗೆ ಮಾತ್ರ.

ಅಷ್ಟೇ ಅಲ್ಲ. ಚೌಕಟ್ಟಿನ ಅಳತೆ 56. ಅದು ಸುಮಾರು ಐದಡಿ ಹನ್ನೊಂದು ಅಂಗುಲದವರಿಗೆ ಹೇಳಿದ್ದು. ನಮ್ಮ ಹುಡುಗಿ ಐದಡಿ ಎರಡು ಅಂಗುಲ. "ಸೀಟು ಇಳಿಸಿಕೊಂಡು ಹ್ಯಾಂಡಲ್ ಹತ್ತಿರ ತಂದರೆ ಆಯಿತು" ಎಂದಳು. ಅಣ್ಣನ ಚಪ್ಪಲಿಯನ್ನು ದಾರ ಕಟ್ಟಿ ಹಾಕಿಕೊಳ್ಳುವ ಹಾಗೆ!

ನಾನು ಬೇಡ ಎಂದೆ. ಹಿಂದಿರುಗುವಾಗ ಆಟೋದಲ್ಲಿ ಅವಳು ಮಾತಾಡಲಿಲ್ಲ. ಬೈಯಪ್ಪನಹಳ್ಳಿ ದಾಟಿದ ಮೇಲೆ ಒಂದೇ ಮಾತು ಕೇಳಿದಳು: "ನೀವೂ ಅಪ್ಪನ ಕಡೆಯೇ ಅಲ್ಲವೇ ತಾತ?"

ಅವಳಿಗೆ ಆಗ ಸರಿಯಾಗಿ ಉತ್ತರ ಹೇಳಲಾಗಲಿಲ್ಲ, ಈಗ ಹೇಳುತ್ತೇನೆ. ಉಕ್ಕಿನ ಸೈಕಲ್ಲು ಗೋಡೆಗೆ ಗುದ್ದಿದರೆ ಬಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಕಾರ್ಬನ್ನು ಒಳಗೆ ಪೆಟ್ಟು ತಿಂದೂ ಹೊರಗೆ ಹೊಳೆಯುತ್ತಿರಬಹುದು. ಅದು ಕೆಟ್ಟ ವಸ್ತುವೆಂದಲ್ಲ; ತನ್ನ ನೋವನ್ನು ಹೇಳಿಕೊಳ್ಳದ ವಸ್ತು. ನಂದಿಯಿಂದ ಇಳಿಯುವಾಗ ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಅದು ಬಾಯಿಬಿಟ್ಟರೆ ಕೇಳಿಸಿಕೊಳ್ಳಲು ನಮಗೆ ಸಮಯವಿರುವುದಿಲ್ಲ. ನ್ಯಾಯಾಲಯದಲ್ಲಿ ಸಂಶಯದ ಲಾಭ ಆರೋಪಿಗೆ ಸಲ್ಲುತ್ತದೆ. ಇಲ್ಲಿ ಸಂಶಯದ ಲಾಭ ಸವಾರಳಿಗೆ ಸಲ್ಲಬೇಕು, ಸೈಕಲ್ಲಿಗಲ್ಲ. ಪರಿಚಿತರು ಕೊಂಡು ಓಡಿಸಿದ, ರಸೀದಿ ಇರುವ, ಪರಿಣತರು ಪರೀಕ್ಷಿಸಿದ ಹಳೆಯ ಕಾರ್ಬನ್ ಸೈಕಲ್ಲಾದರೆ ನನ್ನ ಆಕ್ಷೇಪವಿಲ್ಲ. ಇತಿಹಾಸ ಗೊತ್ತಿಲ್ಲದ್ದು, ಹೆಸರಾಂತ ಕಂಪನಿಯ ಚೀಟಿ ಅಂಟಿಸಿಕೊಂಡು ಅಂತರಜಾಲದಲ್ಲಿ ಅರ್ಧ ಬೆಲೆಗೆ ಬರುವುದು, ಇವೆರಡು ಎಷ್ಟು ಅಗ್ಗವಾದರೂ ದುಬಾರಿಯೇ.

ಶಿವಾಜಿನಗರದ ರಿಪೇರಿಗಾರರ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಸೈಕಲ್ಲಿನ ಚಕ್ರದ ಕಡ್ಡಿಗಳನ್ನು ವೀಣೆಯ ತಂತಿಯಂತೆ ಮೀಟಿ, ಸದ್ದು ಕೇಳಿಯೇ ಯಾವುದು ಸಡಿಲವೆಂದು ಹೇಳುತ್ತಿದ್ದವರು ಅವರು. ಈಗ ಮಗ ಅಂಗಡಿ ನೋಡಿಕೊಳ್ಳುತ್ತಾನೆ, ಅವರು ಬಾಗಿಲಲ್ಲಿ ಕೂರುತ್ತಾರೆ. "ಮಾಸ್ಟರ್ ಸಾಬ್, ಚಕ್ರ ತನ್ನಿ, ನೋಡ್ತೀನಿ. ಆ ಬಾಡಿ ಮಾತ್ರ ನನ್ನ ಕೆಲಸ ಅಲ್ಲ. ಕಬ್ಬಿಣ ಆದ್ರೆ ಬೆಸುಗೆ ಹಾಕ್ತೀನಿ. ಗೊತ್ತಿಲ್ಲದ್ದಕ್ಕೆ ಸ್ಪ್ಯಾನರ್ ಹಾಕಿದ್ರೆ ಮಗು ಬೀಳುತ್ತೆ" ಎಂದರು. ಗೊತ್ತಿಲ್ಲ ಎನ್ನಬಲ್ಲ ಕುಶಲಕರ್ಮಿ ದೊಡ್ಡವನು. ಆ ಮಾತಿನಲ್ಲಿ ಕೊಳ್ಳುವವರಿಗೂ ಪಾಠವಿದೆ: ರಸ್ತೆ ಮೂಲೆಯ ಅಂಗಡಿಯಲ್ಲಿ ರಿಪೇರಿಯಾಗದ ವಸ್ತುವನ್ನು ಕೊಂಡಾಗ ಅದನ್ನು ನೋಡಿಕೊಳ್ಳುವ ಖರ್ಚನ್ನೂ ಕೊಂಡಂತೆ.

ಈಗ ಆ ಐದು ಪ್ರಶ್ನೆಗಳನ್ನು ನಾನು ಕೇಳುವ ಕ್ರಮದಲ್ಲಿ ಹೇಳುತ್ತೇನೆ.

ಮೊದಲನೆಯದು ಅಳತೆ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಗಳ ನಡುವೆ ಪುಸ್ತಕವೊಂದನ್ನು ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಅದರ ಅಂಚಿನವರೆಗೆ ಅಳೆಯಬೇಕು. ಅದನ್ನು 0.883ರಿಂದ ಗುಣಿಸಿದರೆ ಪೆಡಲಿನ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸರಿಸುಮಾರಾಗಿ ಸಿಗುತ್ತದೆ. ಮೇಲೆ ಹೇಳಿದ ಲೆಮಾಂಡನ ಹೆಸರಿನಲ್ಲೇ ಪ್ರಚಾರಕ್ಕೆ ಬಂದ ಸೂತ್ರವಿದು. ಅವಳ ಅಳತೆ 72 ಸೆಂಟಿಮೀಟರ್. ಸೀಟಿನ ಎತ್ತರ 63.6. ಇದು ಆರಂಭ ಮಾತ್ರ. ಹ್ಯಾಂಡಲ್ ಎಷ್ಟು ದೂರ, ಎಷ್ಟು ಎತ್ತರ ಎಂಬುದನ್ನು ಅಂಗಡಿಯಲ್ಲಿ ಕುಳಿತು, ತುಳಿದು ನೋಡಬೇಕು. ಅಳತೆಗೆ ಸರಿಯಿಲ್ಲದ ಚೌಕಟ್ಟು ಚಿನ್ನದ್ದಾದರೂ ಬೇಡ.

ಎರಡನೆಯದು ಉದ್ದೇಶ, ಅದಕ್ಕೆ ತಕ್ಕ ಗೇರು. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಮುಂದೆ 34 ಹಲ್ಲು, ಹಿಂದೆ 34 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು 2.1 ಮೀಟರ್ ಸಾಗುತ್ತದೆ. ಮುಂದೆ 39, ಹಿಂದೆ 25 ಇರುವ ಹಳೆಯ ಪಂದ್ಯದ ಗೇರಿನಲ್ಲಿ ಸುಮಾರು 3.3 ಮೀಟರ್. ನಂದಿಯ ತಿರುವುಗಳಲ್ಲಿ ಮೊಣಕಾಲು ಉಳಿಸುವುದು ಈ ವ್ಯತ್ಯಾಸ. ನಲವತ್ತು ಸೆಕೆಂಡಿಗಾಗಿ ಹಣ ಕೊಡುವ ಮೊದಲು ಹಿಂದಿನ ಹಲ್ಲುಗಳನ್ನು ಎಣಿಸಿ.

ಮೂರನೆಯದು ಟೈರು ಮತ್ತು ಬ್ರೇಕು. ನಮ್ಮ ರಸ್ತೆಗಳನ್ನು ನಾನು ವರ್ಣಿಸಬೇಕಾಗಿಲ್ಲ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ಲಿಗೆಂದೇ ಪಥ ಮಾಡಿದ್ದರು, ಅದೂ ಉಳಿಯಲಿಲ್ಲ. ಕಿರಿದಾದ 23 ಮಿಲಿಮೀಟರ್ ಟೈರಿಗೆ ಗಾಳಿ ಗಟ್ಟಿಯಾಗಿ ತುಂಬಿ ಓಡಿಸುವ ಕಾಲ ಹೋಯಿತು. 28 ಅಥವಾ 32 ಮಿಲಿಮೀಟರ್ ಟೈರಿಗೆ ಸ್ಥಳವಿರುವ ಚೌಕಟ್ಟು ನಮ್ಮ ಊರಿಗೆ ತಕ್ಕದ್ದು. ರಸ್ತೆಯ ಕುಲುಕಾಟವನ್ನು ಕಾರ್ಬನ್ ಹೀರುತ್ತದೆ ಎನ್ನುವವರು ಟೈರಿನೊಳಗಿನ ಗಾಳಿ ಅದಕ್ಕಿಂತ ಎಷ್ಟೋ ಹೆಚ್ಚು ಹೀರುತ್ತದೆ ಎಂಬುದನ್ನು ಹೇಳುವುದಿಲ್ಲ. ರಿಮ್ಮನ್ನು ಹಿಡಿಯುವ ಬ್ರೇಕಿನ ಹಳೆಯ ಕಾರ್ಬನ್ ಚೌಕಟ್ಟುಗಳಲ್ಲಿ ಎಷ್ಟೋ ಬಾರಿ 25ಕ್ಕಿಂತ ಅಗಲದ ಟೈರು ಹಿಡಿಸುವುದಿಲ್ಲ. ಅಗ್ಗಕ್ಕೆ ಸಿಗುವ ಹಳೆಯ ಸೈಕಲ್ಲುಗಳಲ್ಲಿ ಇದನ್ನು ಮೊದಲು ನೋಡಬೇಕು.

ನಾಲ್ಕನೆಯದು ಆಸರೆ. ಮಾರಿದವರು ನಾಳೆಯೂ ಅಲ್ಲಿರುತ್ತಾರೆಯೇ? ರಸೀದಿ ಕೊಡುತ್ತಾರೆಯೇ? ಹಿಂದಿನ ಗೇರು ಕೂರುವ ಹ್ಯಾಂಗರ್ ಎಂಬ ಪುಟ್ಟ ತುಂಡು ಬಾಗಿದರೆ ಬದಲಿ ಸಿಗುತ್ತದೆಯೇ? ತಂತಿಗಳೆಲ್ಲ ಹ್ಯಾಂಡಲಿನ ಒಳಗೇ ಹಾದುಹೋಗುವ ಸೈಕಲ್ಲು ನೋಡಲು ಚೆಂದ, ಒಂದು ತಂತಿ ಬದಲಿಸಲು ಕೂಲಿ ದುಪ್ಪಟ್ಟು. ಇದರ ಜೊತೆಗೆ, ಕೈಯಲ್ಲಿರುವ ಹಣವನ್ನೆಲ್ಲ ಸೈಕಲ್ಲಿಗೇ ಸುರಿಯಬಾರದು. ಈ ದರ್ಜೆಯ ಸೈಕಲ್ಲುಗಳಿಗೆ ಎಷ್ಟೋ ವೇಳೆ ಪೆಡಲ್ ಸಹ ಬರುವುದಿಲ್ಲ. ಹೆಲ್ಮೆಟ್, ಮುಂದೆ ಹಿಂದೆ ದೀಪ, ಬೀಗ, ಪಂಪು, ಟ್ಯೂಬುಗಳು, ಬೂಟು ಸೇರಿ ಅವಳ ಪಟ್ಟಿಯಲ್ಲಿ ಇಪ್ಪತ್ತು ಸಾವಿರ ದಾಟಿತು. ಆದ್ದರಿಂದ ಸೈಕಲ್ಲಿನ ಬಜೆಟ್ಟು ಒಂದೂವರೆ ಲಕ್ಷವಲ್ಲ, ಒಂದು ಲಕ್ಷ ಮೂವತ್ತು ಸಾವಿರ.

ಐದನೆಯದು, ಕಟ್ಟಕಡೆಯದು: ಚೌಕಟ್ಟು ಯಾವುದರದು? ಮೇಲಿನ ನಾಲ್ಕಕ್ಕೂ ಸರಿಯಾದ ಉತ್ತರ ಕೊಟ್ಟ ಸೈಕಲ್ಲು ಕಾರ್ಬನ್ನಿನದಾಗಿದ್ದರೆ ಸಂತೋಷ. ಅಲ್ಯೂಮಿನಿಯಂನದಾಗಿದ್ದರೆ ಅಷ್ಟೇ ಸಂತೋಷ. ಉಕ್ಕಿನದಾಗಿದ್ದರೂ 200 ಕಿಲೋಮೀಟರ್ ಮುಗಿಯುತ್ತದೆ.

ಕಾರ್ಬನ್ ಕೊಂಡವರು ಒಂದು ಶಿಸ್ತನ್ನೂ ಕಲಿಯಬೇಕು. ಸೀಟಿನ ಕಂಬವನ್ನೋ ಹ್ಯಾಂಡಲನ್ನೋ ಬಿಗಿಯುವಾಗ ಭಾಗದ ಮೇಲೆ ಇಷ್ಟೇ ಬಿಗಿಯಬೇಕೆಂದು ಅಚ್ಚು ಹಾಕಿರುತ್ತಾರೆ, ಉದಾಹರಣೆಗೆ 5 ನ್ಯೂಟನ್ ಮೀಟರ್. ಹತ್ತು ಸೆಂಟಿಮೀಟರ್ ಉದ್ದದ ಕೀಲಿಯ ತುದಿಗೆ ಸುಮಾರು ಐದು ಕಿಲೋ ತೂಗುಹಾಕಿದಷ್ಟು ಬಲ ಅದು. ನಮ್ಮ ಕಾಲದ "ಇನ್ನೊಂದು ಸುತ್ತು ಬಿಗಿ" ಎಂಬ ಅಭ್ಯಾಸ ಇಲ್ಲಿ ಚೌಕಟ್ಟನ್ನೇ ಒಡೆದೀತು. ಟಾರ್ಕ್ ರೆಂಚ್ ಎಂಬ ಅಳತೆಯ ಕೀಲಿ ಕೊಳ್ಳಬೇಕು; ಜಾರದಂತೆ ಗ್ರೀಸಿನ ಬದಲು ಕಾರ್ಬನ್ನಿಗೆಂದೇ ಇರುವ ಲೇಪ ಹಚ್ಚಬೇಕು; ಬಿದ್ದಾಗಲೆಲ್ಲ, ಪೆಟ್ಟು ಕಾಣದಿದ್ದರೂ, ಬಲ್ಲವರಿಗೆ ತೋರಿಸಬೇಕು. ನನ್ನ ವಿದ್ಯಾರ್ಥಿ ಕೇಳಿದ "ನೋಡುವವರು ಯಾರು" ಎಂಬ ಪ್ರಶ್ನೆಗೆ ಉತ್ತರ ಇದೇ: ಸವಾರಳೇ ನೋಡಬೇಕು. ನೋಡುವ ವ್ಯವಧಾನವಿಲ್ಲದವರು ಅಲ್ಯೂಮಿನಿಯಂ ಕೊಳ್ಳುವುದು ಲೇಸು.

ಕೊನೆಗೆ ಆದದ್ದನ್ನು ಹೇಳದಿದ್ದರೆ ನೀವು ಪತ್ರ ಬರೆದು ಕೇಳುತ್ತೀರಿ. ಮೂರನೆಯ ವಾರ ಇಂದಿರಾನಗರದ ಅಂಗಡಿಯೊಂದರಲ್ಲಿ ಅವಳು ಬೇರೆ ರೀತಿಯಲ್ಲಿ ಪ್ರಶ್ನೆ ಕೇಳಿದಳು: "ನನ್ನ ಅಳತೆಯ ಸೈಕಲ್ ಯಾವ ಯಾವುದಿದೆ?" ಅಂಗಡಿಯ ಹುಡುಗ ಎರಡನ್ನು ತಂದು ನಿಲ್ಲಿಸಿದ. ಒಂದು ಅಲ್ಯೂಮಿನಿಯಂನದು. ಇನ್ನೊಂದು ಹಿಂದಿನ ವರ್ಷದ ಮಾದರಿಯ ಕಾರ್ಬನ್ ಸೈಕಲ್, ಬಹಳ ಚಿಕ್ಕ ಅಳತೆಯದೆಂದು ಮಾರಾಟವಾಗದೆ ಉಳಿದದ್ದು. ಹತ್ತು ಗೇರು, ಡಿಸ್ಕ್ ಬ್ರೇಕು, 32ರ ಟೈರಿಗೆ ಸ್ಥಳ, ಹಿಂದೆ 34 ಹಲ್ಲು. ಬೆಲೆ ಇಳಿಸಿ 1,28,000 ರೂಪಾಯಿ ಹೇಳಿದರು. ಸೈಕಲ್ಲುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 12ರಿಂದ 5ಕ್ಕೆ ಇಳಿದಿರುವುದೂ ಸಹಾಯಕ್ಕೆ ಬಂತು. ಲಕ್ಷ ರೂಪಾಯಿಗೆ ಏಳು ಸಾವಿರ ಎಂದರೆ ಹೆಲ್ಮೆಟ್ಟೂ ದೀಪವೂ ಬಂದಂತೆ. ಎರಡನ್ನೂ ಅರ್ಧರ್ಧ ಗಂಟೆ ಓಡಿಸಿ ಬಂದು ಅವಳು ಕಾರ್ಬನ್ನಿನದನ್ನು ಆರಿಸಿದಳು. ಏಕೆಂದು ಕೇಳಿದೆ. "ಕೈ ನೋಯಲಿಲ್ಲ ತಾತ" ಎಂದಳು. ತೂಕದ ಮಾತೇ ಆಡಲಿಲ್ಲ. ನನಗೆ ಅಷ್ಟು ಸಾಕಾಗಿತ್ತು. ಅದರ ಹ್ಯಾಂಡಲ್ ಅವಳಿಗೆ ಸರಿಯಾದ ದೂರದಲ್ಲಿತ್ತು, ಅಷ್ಟೇ. ಆ ಹೊತ್ತು ಅಲ್ಯೂಮಿನಿಯಂನದರಲ್ಲಿ ಕೈ ನೋಯದಿದ್ದರೆ ಅದನ್ನೇ ತರುತ್ತಿದ್ದಳು ಎಂಬ ನಂಬಿಕೆ ನನಗಿದೆ.

ಹೀಗಾಗಿ ನನ್ನ ತೀರ್ಪು ತಂದೆಯ ಪರವೂ ಅಲ್ಲ, ಮಗಳ ಪರವೂ ಅಲ್ಲ. ಮಕ್ಕಳ ಆಸೆಗೆ ಬೆಲೆ ಕಟ್ಟಿ ನಗುವ ಬದಲು ಅವರ ಜೊತೆ ಅಂಗಡಿಗೆ ಹೋಗಿ ಎಂದು ಹಿರಿಯರಿಗೆ ಹೇಳುತ್ತೇನೆ. ಹೆಸರನ್ನು ಕೊಳ್ಳಬೇಡಿ, ಅಳತೆಯನ್ನು ಕೊಳ್ಳಿ ಎಂದು ಕಿರಿಯರಿಗೆ ಹೇಳುತ್ತೇನೆ. ನನ್ನ ಸೋದರಳಿಯ ಇನ್ನೂ ಸ್ಕೂಟರಿನ ಮಾತು ಬಿಟ್ಟಿಲ್ಲ. ಆದರೂ ಕಳೆದ ಭಾನುವಾರ ಬೆಳಗಿನ ಜಾವ ಮಗಳ ಸೈಕಲ್ಲಿನ ಹಿಂದಿನ ದೀಪ ಉರಿಯುತ್ತಿದೆಯೇ ಎಂದು ಬಾಗಿ ನೋಡುತ್ತಿದ್ದವನು ಅವನೇ.

ನಿಮ್ಮಲ್ಲಿ ಯಾರಾದರೂ ಇಂಥ ಸೈಕಲ್ ಓಡಿಸುತ್ತಿದ್ದರೆ, ನನ್ನ ಲೆಕ್ಕದಲ್ಲಿ ತಪ್ಪಿದ್ದರೆ, ಖಂಡಿತ ತಿದ್ದಿ ಬರೆಯಿರಿ. ಮೇಷ್ಟ್ರ ತಪ್ಪು ಹುಡುಕುವ ಉತ್ಸಾಹ ನಿಮಗೆ ಶಾಲೆಯಲ್ಲೇ ಇತ್ತು, ಈಗಲೂ ಇರಲಿ.